ಕಪ್ಪುಕುಳಿಯ ಅಂಚಿನಲ್ಲಿ ಡಿಸ್ನಿ

1979ರ ಡಿಸೆಂಬರ್ 21ರಂದು ಅಮೆರಿಕದಲ್ಲಿ ‘ದಿ ಬ್ಲ್ಯಾಕ್ ಹೋಲ್’ ತೆರೆಕಂಡಿತು. ವಾಲ್ಟ್ ಡಿಸ್ನಿ ಸ್ಟುಡಿಯೊ ಅದಕ್ಕೆ ಸುಮಾರು 2 ಕೋಟಿ ಡಾಲರ್ ಸುರಿದಿತ್ತು. ಆ ಸಂಸ್ಥೆ ಅಲ್ಲಿಯವರೆಗೆ ಒಂದೇ ಚಿತ್ರದ ಮೇಲೆ ಅಷ್ಟು ಹಣ ಹಾಕಿದ್ದಿಲ್ಲ. ಆದರೆ ಹಣಕ್ಕಿಂತ ದೊಡ್ಡ ಸುದ್ದಿ ಪೋಸ್ಟರಿನ ಮೂಲೆಯಲ್ಲಿದ್ದ ಎರಡು ಅಕ್ಷರ: ಪಿಜಿ. ಮಕ್ಕಳ ಜೊತೆ ಹಿರಿಯರು ಇದ್ದರೆ ಒಳ್ಳೆಯದು ಎಂಬ ಸೂಚನೆ ಅದು. ಬೇರೆ ಯಾವ ಕಂಪನಿಗೂ ಅದು ಮಾಮೂಲಿ ಸಂಗತಿ. ‘ಸ್ಟಾರ್ ವಾರ್ಸ್’ ಕೂಡ ಪಿಜಿ ಚಿತ್ರವೇ. ಡಿಸ್ನಿ ಸ್ವತಃ ತಯಾರಿಸಿದ ಯಾವ ಚಿತ್ರಕ್ಕೂ ಮಾತ್ರ ಅದುವರೆಗೆ ಆ ಮುದ್ರೆ ಬಿದ್ದಿರಲಿಲ್ಲ. ಡಿಸ್ನಿ ಎಂಬ ಹೆಸರು ನೋಡಿದರೆ ಸಾಕು, ಒಳಗೇನಿದೆ ಎಂದು ಕೇಳದೆ ಮಕ್ಕಳನ್ನು ಥಿಯೇಟರಿಗೆ ಕಳಿಸಿಬಿಡಬಹುದು ಎಂಬುದು ಅಲ್ಲಿನ ತಂದೆತಾಯಿಯರ ನಂಬಿಕೆ. ಆ ನಂಬಿಕೆಯೇ ಸಂಸ್ಥೆಯ ಬಂಡವಾಳವಾಗಿತ್ತು. ಆ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ಅದೇ ಬಂಡವಾಳವನ್ನು ಪಣಕ್ಕೆ ಇಡಲಾಯಿತು.

ಇಡಬೇಕಾದ ಗತಿ ಬಂದಿತ್ತು ಎನ್ನುವುದೇ ಸರಿ. ವಾಲ್ಟ್ ಡಿಸ್ನಿ ತೀರಿಕೊಂಡದ್ದು 1966ರ ಡಿಸೆಂಬರಿನಲ್ಲಿ. ಆಮೇಲಿನ ಹನ್ನೆರಡು ವರ್ಷ ಸ್ಟುಡಿಯೊ ನಡೆದದ್ದು ‘ವಾಲ್ಟ್ ಇದ್ದಿದ್ದರೆ ಏನು ಮಾಡುತ್ತಿದ್ದರು’ ಎಂಬ ಒಂದೇ ಪ್ರಶ್ನೆಯ ಮೇಲೆ. ತಾನಾಗಿಯೇ ಓಡುವ ಪುಟ್ಟ ಕಾರು ಹರ್ಬಿಯ ಚಿತ್ರಗಳು ಒಂದರ ಹಿಂದೊಂದು ಬಂದವು. ಕಳ್ಳರು ಪೆದ್ದರು, ಪೊಲೀಸರು ಅವರಿಗಿಂತ ಪೆದ್ದರು, ಕೊನೆಗೆ ಎಲ್ಲರೂ ನಗುವುದು. ಇಂಥ ಚಿತ್ರ ನೋಡುವ ಮಕ್ಕಳಿಗೆ ಹದಿಮೂರು ತುಂಬುತ್ತಿದ್ದಂತೆ ಡಿಸ್ನಿ ಎಂದರೆ ನಾಚಿಕೆಯಾಗತೊಡಗಿತ್ತು. 1977ರ ಮೇ ತಿಂಗಳಲ್ಲಿ ಆ ಹದಿಮೂರರ ಹುಡುಗರೆಲ್ಲ ‘ಸ್ಟಾರ್ ವಾರ್ಸ್’ನ ಸಾಲಿನಲ್ಲಿ ನಿಂತಿದ್ದರು. ಒಂದೇ ಸಲವಲ್ಲ, ನಾಲ್ಕಾರು ಸಲ. 1979ರ ಸೆಪ್ಟೆಂಬರಿನಲ್ಲಿ ಚಿತ್ರಕಾರ ಡಾನ್ ಬ್ಲೂತ್ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಡಿಸ್ನಿಯ ಅನಿಮೇಶನ್ ವಿಭಾಗದಿಂದಲೇ ಹೊರನಡೆದ. ಮನೆ ಒಳಗಿನಿಂದಲೂ ಬರಿದಾಗುತ್ತಿತ್ತು.

‘ದಿ ಬ್ಲ್ಯಾಕ್ ಹೋಲ್’ ಹುಟ್ಟಿದ್ದು ಮಾತ್ರ ‘ಸ್ಟಾರ್ ವಾರ್ಸ್’ಗಿಂತ ಮೊದಲು. ಹಡಗು ಮಗುಚುವ, ಕಟ್ಟಡಕ್ಕೆ ಬೆಂಕಿ ಬೀಳುವ ದುರಂತಚಿತ್ರಗಳು ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಬಹಳ ಓಡಿದ್ದವು. ಅದೇ ಕಥೆಯನ್ನು ಬಾಹ್ಯಾಕಾಶಕ್ಕೆ ಒಯ್ದರೆ ಹೇಗೆ ಎಂಬ ಯೋಚನೆಯಿಂದ ‘ಸ್ಪೇಸ್ ಸ್ಟೇಶನ್ ಒನ್’ ಎಂಬ ಹೆಸರಿನ ಚಿತ್ರಕಥೆ ಶುರುವಾಯಿತು. ಅದು ಕೈಯಿಂದ ಕೈಗೆ ಹೋಗಿ, ಹತ್ತಾರು ಸಲ ತಿದ್ದಿಸಿಕೊಂಡು, ವಾಲ್ಟ್ ಅವರ ಅಳಿಯ, ನಿರ್ಮಾಪಕ ರಾನ್ ಮಿಲ್ಲರ್ ಅವರ ಮೇಜಿನ ಮೇಲೆ ಕೂತಿತ್ತು. ‘ಸ್ಟಾರ್ ವಾರ್ಸ್’ ಬಂದ ಮೇಲೆ ಅದಕ್ಕೆ ಜೀವ ಬಂತು. ಹೀಗೆ ಚಿತ್ರದೊಳಗೆ ಎರಡು ಕಾಲದ ಎರಡು ಆಸೆಗಳು ಸೇರಿಕೊಂಡವು. ಒಂದು, ದೊಡ್ಡವರಿಗಾಗಿ ಗಂಭೀರ ಕಥೆ ಹೇಳಬೇಕು. ಇನ್ನೊಂದು, ಆಟಿಕೆಯ ಅಂಗಡಿಯಲ್ಲಿ ಮಾರಬಹುದಾದ ರೋಬೋಟ್ ಬೇಕು.

ಕಥೆ ಸರಳ. ‘ಪಾಲೊಮಿನೊ’ ಎಂಬ ಸಣ್ಣ ನೌಕೆ ಭೂಮಿಗೆ ಮರಳುವ ದಾರಿಯಲ್ಲಿ ಒಂದು ಕಪ್ಪುಕುಳಿಯನ್ನು ಕಾಣುತ್ತದೆ. ಅದರ ಅಂಚಿನಲ್ಲಿ, ಎಲ್ಲವನ್ನೂ ನುಂಗುವ ಆ ಸೆಳೆತಕ್ಕೂ ಜಗ್ಗದೆ, ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ‘ಸಿಗ್ನಸ್’ ನೌಕೆ ನಿಂತಿದೆ. ಒಳಗೆ ಮನುಷ್ಯ ಎಂದು ಇರುವವನು ಡಾ. ಹಾನ್ಸ್ ರೈನ್‌ಹಾರ್ಟ್ ಒಬ್ಬನೇ. ಉಳಿದವರು ರೋಬೋಟುಗಳು. ನನ್ನ ಸಿಬ್ಬಂದಿಯನ್ನೆಲ್ಲ ಆಗಲೇ ಭೂಮಿಗೆ ಕಳಿಸಿದೆ ಎನ್ನುತ್ತಾನೆ ಅವನು. ಅವನ ಗುರಿ ಒಂದೇ, ಆ ಕುಳಿಯನ್ನು ಹೊಕ್ಕು ಆಚೆ ಬದಿಗೆ ಹೋಗುವುದು. ಡಿಸ್ನಿಯದೇ 1954ರ ‘20,000 ಲೀಗ್ಸ್ ಅಂಡರ್ ದ ಸೀ’ ನೋಡಿದವರಿಗೆ ಇವನ ಗುರುತು ತಕ್ಷಣ ಹತ್ತುತ್ತದೆ: ಸಮುದ್ರದ ತಳ ಬಿಟ್ಟು ನಕ್ಷತ್ರಗಳ ನಡುವೆ ಮನೆ ಮಾಡಿದ ಕ್ಯಾಪ್ಟನ್ ನೀಮೊ.

ಚಿತ್ರದ ಬಲ ಎಲ್ಲಿದೆ ಎಂದು ಹುಡುಕಲು ಬಹಳ ಹೊತ್ತು ಕಾಯಬೇಕಿಲ್ಲ. ಪಾಲೊಮಿನೊ ಹತ್ತಿರ ಬಂದಾಗ ಸಿಗ್ನಸ್ ಕತ್ತಲೆಯ ಒಂದು ಗುಡ್ಡದಂತೆ ಬಿದ್ದಿರುತ್ತದೆ. ಸತ್ತ ಹಡಗು ಎಂದುಕೊಳ್ಳುವಷ್ಟರಲ್ಲಿ ಅದರ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಕಬ್ಬಿಣದ ಹಂದರ, ಅದರ ಹಿಂದೆ ಗಾಜು, ಗಾಜಿನ ಹಿಂದೆ ಹೊಂಬೆಳಕು. ಹತ್ತೊಂಬತ್ತನೆಯ ಶತಮಾನದ ದೊಡ್ಡ ರೈಲ್ವೆ ನಿಲ್ದಾಣವೊಂದನ್ನು ಕಿತ್ತು ಆಕಾಶಕ್ಕೆ ತೇಲಿಬಿಟ್ಟಂತೆ. ಮುಂಬೈಯ ಹಳೆಯ ನಿಲ್ದಾಣಗಳ ಚಾವಣಿಯನ್ನು ರಾತ್ರಿ ಹೊತ್ತು ತಲೆಯೆತ್ತಿ ನೋಡಿದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ. ಆ ದಶಕದ ಬೇರೆ ಯಾವ ಬಾಹ್ಯಾಕಾಶ ನೌಕೆಯೂ ಹೀಗಿರಲಿಲ್ಲ. ‘2001’ರ ನೌಕೆಗಳು ಆಸ್ಪತ್ರೆಯಷ್ಟು ಬಿಳಿ, ‘ಏಲಿಯನ್’ನ ನೌಕೆ ಕಾರ್ಖಾನೆಯಷ್ಟು ಕೊಳಕು. ಸಿಗ್ನಸ್ ಮಾತ್ರ ಒಂದು ಅರಮನೆ, ಅದೂ ಪಾಳುಬಿದ್ದ ಅರಮನೆ.

ಅದನ್ನು ಕಲ್ಪಿಸಿದವರು ಪೀಟರ್ ಎಲೆನ್‌ಶಾ. ಇಂಗ್ಲೆಂಡಿನಲ್ಲಿ ಹುಟ್ಟಿ ಡಿಸ್ನಿಯಲ್ಲಿ ದಶಕಗಟ್ಟಲೆ ದುಡಿದ ಮ್ಯಾಟ್ ಚಿತ್ರಕಾರ. ‘ಮೇರಿ ಪಾಪಿನ್ಸ್’ಗೆ ಆಸ್ಕರ್ ಪಡೆದವರು. ಮ್ಯಾಟ್ ಚಿತ್ರ ಎಂದರೆ ಇಷ್ಟೆ: ದೊಡ್ಡದೊಂದು ಗಾಜಿನ ಹಾಳೆಯ ಮೇಲೆ ಕುಂಚದಿಂದ ದೃಶ್ಯ ಬರೆಯುವುದು, ನಟರು ಬರಬೇಕಾದ ಜಾಗವನ್ನು ಖಾಲಿ ಬಿಡುವುದು, ನಟರ ಚಿತ್ರೀಕರಣವನ್ನು ಆ ಖಾಲಿಯಲ್ಲಿ ಕೂಡಿಸುವುದು. ಸ್ಟುಡಿಯೊದಲ್ಲಿ ಕಟ್ಟುವುದು ಹತ್ತು ಅಡಿ ಗೋಡೆ. ಅದರಾಚೆಯ ಅರ್ಧ ಮೈಲಿ ಉದ್ದದ ಹಜಾರ ಬಣ್ಣದ್ದು. ಕೈ ಚೆನ್ನಾಗಿದ್ದರೆ ಎರಡರ ನಡುವಿನ ಗೆರೆ ಕಾಣುವುದಿಲ್ಲ. ನಿವೃತ್ತಿಯ ಅಂಚಿನಲ್ಲಿದ್ದ ಎಲೆನ್‌ಶಾ ಈ ಚಿತ್ರದ ಇಡೀ ವಿನ್ಯಾಸದ ಹೊಣೆ ಹೊತ್ತರು. ‘ಸ್ಟಾರ್ ವಾರ್ಸ್’ಗೆ ಮ್ಯಾಟ್ ಚಿತ್ರ ಬರೆದಿದ್ದ ಅವರ ಮಗ ಹ್ಯಾರಿಸನ್ ಕೂಡ ಜೊತೆಗಿದ್ದರು. ಮಾದರಿ ನೌಕೆಗಳ ಚಿತ್ರೀಕರಣಕ್ಕೆ ಕಂಪ್ಯೂಟರ್ ಹೇಳಿದಂತೆ ಚಲಿಸುವ ಕ್ಯಾಮೆರಾವನ್ನೂ ಸ್ಟುಡಿಯೊ ತಾನೇ ಮಾಡಿಕೊಂಡಿತು. ಆದರೂ ಇಂದು ನೋಡುವಾಗ ಕಣ್ಣಿಗೆ ಹಿತವೆನಿಸುವುದು ಆ ಯಂತ್ರದ ಚಲನೆಗಿಂತ ಕುಂಚದ ಕೆಲಸ. ದೂರದಲ್ಲಿ ಒಬ್ಬ ಮನುಷ್ಯ ಇರುವೆಯಷ್ಟು ಸಣ್ಣದಾಗಿ ನಡೆಯುತ್ತಾನೆ, ಸುತ್ತ ಆಕಾಶದಷ್ಟು ಕೋಣೆ. ಒಬ್ಬಂಟಿತನವನ್ನು ರೈನ್‌ಹಾರ್ಟ್ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

ಸಂಗೀತ ಜಾನ್ ಬ್ಯಾರಿಯವರದು. ಚಿತ್ರ ಶುರುವಾಗುವ ಮೊದಲೇ ಬರಿಯ ಕಪ್ಪು ತೆರೆಯ ಮೇಲೆ ಎರಡು ನಿಮಿಷಕ್ಕೂ ಮಿಕ್ಕಿ ವಾದ್ಯವೃಂದ ನುಡಿಯುತ್ತದೆ. ಹಾಲಿವುಡ್ ಆಗಲೇ ಕೈಬಿಡುತ್ತಿದ್ದ ಪದ್ಧತಿ ಅದು. ಕಪ್ಪುಕುಳಿಗಾಗಿ ಅವರು ಮಾಡಿದ ರಾಗ ಸುತ್ತಿ ಸುತ್ತಿ ಅದೇ ಜಾಗಕ್ಕೆ ಮರಳುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಹಾಗೆ.

ಇನ್ನು ಭಯ. ನೌಕೆಯಲ್ಲಿ ಕೆಲಸ ಮಾಡುವ, ಮುಖದ ಜಾಗದಲ್ಲಿ ಕನ್ನಡಿ ಇರುವ ಆಳುಗಳಿದ್ದಾರೆ. ಮಾತಿಲ್ಲ, ನಿಲುವಂಗಿ ತೊಟ್ಟ ಸನ್ಯಾಸಿಗಳಂತೆ ಓಡಾಟ. ತೋಟದಲ್ಲಿ ಒಂದು ಆಳು ಕುಂಟುತ್ತ ನಡೆಯುವುದನ್ನು ಪತ್ರಕರ್ತ ಹ್ಯಾರಿ ಬೂತ್ ಗಮನಿಸುತ್ತಾನೆ. ಕ್ಯಾಪ್ಟನ್ ಹಾಲೆಂಡ್ ಬೇರೆ ಕಡೆ ಕದ್ದು ನೋಡಿದಾಗ ಅವರೆಲ್ಲ ಸೇರಿ ಯಾರಿಗೋ ಅಂತ್ಯಸಂಸ್ಕಾರ ಮಾಡುತ್ತಿರುತ್ತಾರೆ. ರೋಬೋಟುಗಳು ಕುಂಟುತ್ತವೆಯೇ? ಸತ್ತವರಿಗೆ ಗೌರವ ಕೊಡುತ್ತವೆಯೇ? ಕೊನೆಗೆ ಆಂಟನಿ ಪರ್ಕಿನ್ಸ್ ಅಭಿನಯಿಸಿದ ಡಾ. ಡ್ಯುರಂಟ್ ಒಂದು ಆಳಿನ ಮುಖದ ಕನ್ನಡಿಯನ್ನು ಕಿತ್ತು ತೆಗೆಯುತ್ತಾನೆ. ಒಳಗಿರುವುದು ಮನುಷ್ಯನ ಮುಖ; ಬೂದಿ ಬಣ್ಣಕ್ಕೆ ತಿರುಗಿದ, ಕಣ್ಣಿದ್ದೂ ನೋಟವಿಲ್ಲದ ಮುಖ. ರೈನ್‌ಹಾರ್ಟ್ ತನ್ನ ಸಿಬ್ಬಂದಿಯನ್ನು ಎಲ್ಲಿಗೂ ಕಳಿಸಿಲ್ಲ. ಮರುಕ್ಷಣ ಮ್ಯಾಕ್ಸಿಮಿಲಿಯನ್ ಎಂಬ ಕೆಂಪು ಯಂತ್ರ ಗರಗರ ತಿರುಗುವ ಕತ್ತಿಗಳನ್ನು ಮುಂದೆ ಚಾಚುತ್ತದೆ. ಡ್ಯುರಂಟ್ ಅಡ್ಡ ಹಿಡಿದ ಪುಸ್ತಕವನ್ನು ಕೊರೆದುಕೊಂಡು ಅವು ಅವನ ಎದೆಗೆ ಹೋಗುತ್ತವೆ. ಒಂದು ಹನಿ ರಕ್ತವನ್ನೂ ತೋರಿಸಿಲ್ಲ. ಆ ಪುಸ್ತಕದ ಚೂರುಗಳೇ ಸಾಕು.

ಇದೆಲ್ಲ ಡಿಸ್ನಿಗೆ ಹೊರತಾದದ್ದು ಎಂಬ ಆಕ್ಷೇಪಕ್ಕೆ ಇತಿಹಾಸದ ಆಧಾರ ಕಡಿಮೆ. 1940ರ ‘ಪಿನೋಕಿಯೊ’ದಲ್ಲಿ ಹುಡುಗನೊಬ್ಬ ಕತ್ತೆಯಾಗುತ್ತ ಅಮ್ಮನನ್ನು ಕೂಗುವ ದೃಶ್ಯವಿದೆ, ಕೂಗು ಅರ್ಧದಲ್ಲೇ ಕತ್ತೆಯ ಅರಚಾಟವಾಗುತ್ತದೆ. ಮನುಷ್ಯನಿಂದ ಮಾತು ಕಿತ್ತುಕೊಂಡು ಅವನನ್ನು ಆಳಾಗಿಸುವ ಕಥೆ ಅಲ್ಲೂ ಇದೆ, ಸಿಗ್ನಸ್‌ನಲ್ಲೂ ಇದೆ. 1942ರ ‘ಬ್ಯಾಂಬಿ’ಯಲ್ಲಿ ಮರಿಯ ತಾಯಿ ಗುಂಡಿಗೆ ಬಲಿಯಾಗುತ್ತದೆ. ವಾಲ್ಟ್ ಅವರ ಒಳ್ಳೆಯ ಚಿತ್ರಗಳು ಮಕ್ಕಳನ್ನು ಹೆದರಿಸಲು ಹೆದರುತ್ತಿರಲಿಲ್ಲ. ನಮ್ಮ ಮಕ್ಕಳ ಪತ್ರಿಕೆ ‘ಚಂದಮಾಮ’ವೂ ತಿಂಗಳು ತಿಂಗಳು ಹೆಣ ಹೊತ್ತ ರಾಜನನ್ನು ಸ್ಮಶಾನದಲ್ಲಿ ನಡೆಸಿದ್ದನ್ನು ನೆನೆದರೆ, ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಮಕ್ಕಳಿಗೆ ಎಲ್ಲವನ್ನೂ ಸಕ್ಕರೆ ಲೇಪಿಸಿ ಕೊಡಬೇಕು ಎಂಬ ಅಭ್ಯಾಸ ಸ್ಟುಡಿಯೊಗೆ ಆಮೇಲೆ ಅಂಟಿಕೊಂಡದ್ದು, ಹರ್ಬಿಯ ಕಾಲದ್ದು. ‘ದಿ ಬ್ಲ್ಯಾಕ್ ಹೋಲ್’ನ ಕನ್ನಡಿ ಮುಖಗಳೇ ಹಳೆಯ ಡಿಸ್ನಿಯ ನಿಜವಾದ ವಾರಸುದಾರರು.

ದೌರ್ಬಲ್ಯ ಶುರುವಾಗುವುದು ಚಿತ್ರಕ್ಕೆ ತನ್ನ ಈ ಧೈರ್ಯದ ಬಗ್ಗೆಯೇ ಸಂಕೋಚವಾದಾಗ. ಪಾಲೊಮಿನೊದಲ್ಲಿ ವಿನ್ಸೆಂಟ್ ಎಂಬ ರೋಬೋಟ್ ಇದೆ. ಡಬ್ಬಿಯಂಥ ಗುಂಡು ಮೈ, ಗಾಳಿಯಲ್ಲಿ ತೇಲುತ್ತದೆ, ಮುಖಕ್ಕೆ ವ್ಯಂಗ್ಯಚಿತ್ರದಿಂದ ಕತ್ತರಿಸಿ ಅಂಟಿಸಿದಂಥ ಎರಡು ದೊಡ್ಡ ಕಣ್ಣು. ಮಾತೆತ್ತಿದರೆ ಗಾದೆ, ಸೂಕ್ತಿ. ಸಿಗ್ನಸ್‌ನಲ್ಲಿ ಅದಕ್ಕೆ ಅದೇ ಜಾತಿಯ ಹಳೆಯ ನೆಗ್ಗಿದ ಅಣ್ಣನೊಬ್ಬ ಸಿಗುತ್ತಾನೆ, ಓಲ್ಡ್ ಬಾಬ್. ಎರಡಕ್ಕೂ ದನಿ ಕೊಟ್ಟ ರಾಡಿ ಮ್ಯಾಕ್‌ಡವಲ್ ಮತ್ತು ಸ್ಲಿಮ್ ಪಿಕನ್ಸ್ ಒಳ್ಳೆಯ ನಟರೇ. ಆದರೆ ಮನುಷ್ಯರ ಮಿದುಳನ್ನೇ ಕೆಡಿಸುವ ನೌಕೆಯಲ್ಲಿ ಈ ಇಬ್ಬರು ಕಾವಲು ರೋಬೋಟುಗಳ ಜೊತೆ ಗುರಿ ಹೊಡೆಯುವ ಪಂದ್ಯ ಆಡುತ್ತ ಕೂರುತ್ತಾರೆ. ಯಕ್ಷಗಾನದಲ್ಲಿ ಹಾಸ್ಯಗಾರ ಎಷ್ಟೇ ನಗಿಸಿದರೂ ರಾಕ್ಷಸನ ಪ್ರವೇಶಕ್ಕೆ ರಂಗ ಬಿಟ್ಟುಕೊಡುತ್ತಾನೆ. ಇಲ್ಲಿ ಹಾಸ್ಯಗಾರ ರಂಗ ಬಿಡುವುದೇ ಇಲ್ಲ. ಈ ಕಣ್ಣುಗಳು ಬಂದದ್ದು ಕಥೆಯ ಅಗತ್ಯದಿಂದಲ್ಲ. ‘ಸ್ಟಾರ್ ವಾರ್ಸ್’ನ ಆರ್2-ಡಿ2 ಎಷ್ಟು ಆಟಿಕೆ ಮಾರಿತು ಎಂಬ ಲೆಕ್ಕದಿಂದ. ವಿಚಿತ್ರವೆಂದರೆ ಆರ್2-ಡಿ2ಗೆ ಮುಖವೇ ಇಲ್ಲ. ಮುಖವಿಲ್ಲದ ಯಂತ್ರವನ್ನೂ ಮಕ್ಕಳು ಪ್ರೀತಿಸುತ್ತಾರೆ ಎಂಬ ಪಾಠವನ್ನು ಡಿಸ್ನಿ ಓದಿಕೊಳ್ಳಲಿಲ್ಲ.

ಮನುಷ್ಯ ಪಾತ್ರಗಳಿಗಂತೂ ಮಾತೇ ಇಲ್ಲ. ಇರುವ ಮಾತು ಪ್ರೇಕ್ಷಕರಿಗೆ ವಿವರ ಒಪ್ಪಿಸಲು. ವಿಜ್ಞಾನಿ ಕೇಟ್‌ಗೆ ರೋಬೋಟಿನ ಜೊತೆ ಮನಸ್ಸಿನಲ್ಲೇ ಮಾತಾಡುವ ಶಕ್ತಿ ಕೊಟ್ಟಿದ್ದಾರೆ, ಅದು ಕಥೆಗೆ ಒಂದೆರಡು ಸಲ ಅನುಕೂಲವಾಗುತ್ತದೆ, ಅಷ್ಟೆ. ಅವಳ ತಂದೆ ಸಿಗ್ನಸ್‌ನಲ್ಲಿದ್ದವನು. ಆ ಕನ್ನಡಿ ಮುಖಗಳ ನಡುವೆ ಅವಳು ತಂದೆಯನ್ನು ಹುಡುಕಬಹುದಿತ್ತು. ಕಥೆ ತಾನೇ ತೆರೆದ ಈ ಬಾಗಿಲನ್ನು ದಾಟದೆ ಬಂದೂಕಿನ ಕಾಳಗಕ್ಕೆ ಓಡಿಬಿಡುತ್ತದೆ. ಒಂದೇ ಒಂದು ಕಡೆ ಮ್ಯಾಕ್ಸಿಮಿಲಿಯನ್ ಶೆಲ್ ರೈನ್‌ಹಾರ್ಟ್‌ನ ಪಾತ್ರವನ್ನು ಎತ್ತಿಬಿಡುತ್ತಾರೆ: ಕೆಂಪು ಯಂತ್ರದಿಂದ ತನ್ನನ್ನು ಕಾಪಾಡು ಎಂದು ಅವನು ಕೇಟ್‌ಳ ಕಿವಿಯಲ್ಲಿ ಪಿಸುಗುಟ್ಟುವಾಗ. ಯಾರು ಒಡೆಯ, ಯಾರು ಆಳು? ಇಡೀ ಚಿತ್ರ ಆ ಪಿಸುಮಾತಿನ ಬೆನ್ನು ಹತ್ತಬೇಕಿತ್ತು. ಹತ್ತಲಿಲ್ಲ.

ವಿಜ್ಞಾನದ ತಪ್ಪುಗಳನ್ನು ಎಣಿಸುವುದು ಸುಲಭ, ಹಲವರು ಎಣಿಸಿದ್ದಾರೆ. ನೌಕೆ ಒಡೆದು ಬಾಹ್ಯಾಕಾಶ ಒಳಗೆ ಬಂದರೂ ಜನ ಉಸಿರಾಡುತ್ತ ಓಡುತ್ತಾರೆ. ಉರಿಯುವ ಉಲ್ಕೆಯೊಂದು ಹಜಾರದಲ್ಲಿ ಚೆಂಡಿನಂತೆ ಉರುಳಿ ಬರುತ್ತದೆ. ಉಲ್ಕೆಯ ದೃಶ್ಯ ನೋಡಲು ಎಷ್ಟು ಭರ್ಜರಿಯಾಗಿದೆ ಎಂದರೆ ಅದನ್ನು ಕ್ಷಮಿಸಿಬಿಡಬಹುದು. ಕ್ಷಮಿಸಲು ಕಷ್ಟವಾಗುವುದು ಹೆಸರು ಕೊಟ್ಟ ವಸ್ತುವನ್ನೇ ಚಿತ್ರ ನಡೆಸಿಕೊಂಡ ರೀತಿ.

‘ಬ್ಲ್ಯಾಕ್ ಹೋಲ್’ ಎಂಬ ಮಾತು ಆಗಿನ್ನೂ ಹೊಸತು. 1960ರ ದಶಕದ ಆರಂಭದಲ್ಲಿ ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿ ಇಂಥ ಕುಸಿದ ನಕ್ಷತ್ರಗಳನ್ನು ಕಲ್ಕತ್ತೆಯ ಕುಖ್ಯಾತ ಕತ್ತಲೆಕೋಣೆಗೆ, ಅಂದರೆ 1756ರಲ್ಲಿ ಫೋರ್ಟ್ ವಿಲಿಯಂನಲ್ಲಿ ಬ್ರಿಟಿಷರನ್ನು ಕೂಡಿಹಾಕಿದ ಸೆರೆಗೆ, ಹೋಲಿಸುತ್ತಿದ್ದರು ಎನ್ನುತ್ತಾರೆ. 1964ರಲ್ಲಿ ಮಾತು ಅಚ್ಚಿಗೆ ಬಂತು, 1967ರ ಕೊನೆಗೆ ಜಾನ್ ವೀಲರ್ ಅದನ್ನು ಭಾಷಣದಲ್ಲಿ ಬಳಸಿ ಜನಜನಿತ ಮಾಡಿದರು. ಅದೇ ಹೊತ್ತಿಗೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೆಂಗಳೂರಿನ ತರುಣ ಸಿ.ವಿ. ವಿಶ್ವೇಶ್ವರ ಸಂಶೋಧನೆಗೆ ಕೂತಿದ್ದರು. ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಅವರು ಎತ್ತಿಕೊಂಡ ಪ್ರಶ್ನೆ: ಇಂಥದ್ದೊಂದು ಇದ್ದರೆ ಅದು ನಿಲ್ಲುತ್ತದೆಯೇ, ಇಲ್ಲ ಮುಟ್ಟಿದರೆ ಒಡೆದುಹೋಗುತ್ತದೆಯೇ? ನಿಲ್ಲುತ್ತದೆ ಎಂದು ಅವರ ಲೆಕ್ಕ ಹೇಳಿತು. ಗುರುತ್ವದ ಅಲೆ ತಾಗಿಸಿದರೆ ಅದು ಬಡಿದ ಗಂಟೆಯಂತೆ ಮಿಡಿದು, ಆ ಮಿಡಿತ ಮೆಲ್ಲಗೆ ಅಡಗುತ್ತದೆ ಎಂದು 1970ರ ಪ್ರಬಂಧದಲ್ಲಿ ತೋರಿಸಿದರು. ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಗುರುತ್ವದ ಅಲೆ ಭೂಮಿಯಲ್ಲಿ ಮೊದಲ ಸಲ ಸಿಕ್ಕ ಸುದ್ದಿ 2016ರ ಫೆಬ್ರುವರಿಯಲ್ಲಿ ಹೊರಬಿತ್ತು. ಅದನ್ನು ಕೇಳಿದ ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು.

ಚಿತ್ರ ತಯಾರಾಗುವ ಹೊತ್ತಿಗೆ, ಅಂದರೆ, ಕಪ್ಪುಕುಳಿ ಬರಿಯ ಊಹೆಯಾಗಿ ಉಳಿದಿರಲಿಲ್ಲ, ಅದಕ್ಕೆ ಗುಣಸ್ವಭಾವಗಳಿದ್ದವು. ರಾಜಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1 ಕಪ್ಪುಕುಳಿ ಹೌದೋ ಅಲ್ಲವೋ ಎಂದು 1974ರಲ್ಲಿ ಸ್ಟೀಫನ್ ಹಾಕಿಂಗ್ ಮತ್ತು ಕಿಪ್ ಥಾರ್ನ್ ಬಾಜಿ ಕಟ್ಟಿದ್ದರು. ಚಿತ್ರದ ನೌಕೆಗಿರುವುದೂ ಅದೇ ನಕ್ಷತ್ರಪುಂಜದ ಹೆಸರು. 1979ರಲ್ಲೇ ಫ್ರಾನ್ಸಿನ ಜಾನ್-ಪಿಯೆರ್ ಲ್ಯುಮಿನೆ ಐಬಿಎಂ 7040 ಯಂತ್ರದಲ್ಲಿ ಲೆಕ್ಕ ಹಾಕಿ, ಬಂದ ಅಂಕಿಗಳಿಗೆ ತಕ್ಕಂತೆ ಕೈಯಿಂದ ಶಾಯಿಯ ಚುಕ್ಕೆ ಇಟ್ಟು, ಕಪ್ಪುಕುಳಿ ಕಣ್ಣಿಗೆ ಹೇಗೆ ಕಂಡೀತು ಎಂಬ ಚಿತ್ರ ಬರೆದರು. ಸುತ್ತಲ ಬಿಸಿ ಅನಿಲದ ತಟ್ಟೆ ಬೆಳಕಿನ ಬಾಗುವಿಕೆಯಿಂದ ಮೇಲಕ್ಕೆದ್ದು ಟೋಪಿಯಂತೆ ಕಾಣುವ, ಒಂದು ಬದಿ ಮಾತ್ರ ಹೆಚ್ಚು ಬೆಳಗುವ ಚಿತ್ರ. 2014ರ ‘ಇಂಟರ್‌ಸ್ಟೆಲ್ಲರ್’ ನೋಡಿದವರಿಗೆ ಆ ಟೋಪಿಯ ಪರಿಚಯ ಇದ್ದೇ ಇರುತ್ತದೆ. ಡಿಸ್ನಿಯ ಕಪ್ಪುಕುಳಿಯಾದರೋ ಸಿಂಕಿನ ತೂತಿನಲ್ಲಿ ಇಳಿಯುವ ನೀರಿನ ಸುಳಿಯಂತಿದೆ. ನೀಲಿಯಾಗಿ ಸುಂದರವಾಗಿದೆ, ನಿಜ. ಆದರೆ ಕೋಟಿಗಟ್ಟಲೆ ಡಾಲರಿನ ಆ ಸುಳಿಗಿಂತ ಒಬ್ಬ ವಿಜ್ಞಾನಿಯ ಶಾಯಿಯ ಚುಕ್ಕೆಗಳು ಹೆಚ್ಚು ವಿಚಿತ್ರವಾಗಿದ್ದವು, ಮಕ್ಕಳಿಗೂ ಹೆಚ್ಚು ಬೆರಗು ಹುಟ್ಟಿಸುತ್ತಿದ್ದವು.

ಕನ್ನಡದಲ್ಲಿ ಇದಕ್ಕೆ ಎರಡು ಹೆಸರು ಓಡಾಡುತ್ತವೆ, ಕಪ್ಪುಕುಳಿ ಮತ್ತು ಕೃಷ್ಣರಂಧ್ರ. ದಿನಬಳಕೆಯಲ್ಲಿ ಎರಡೂ ಒಂದೇ. ಆದರೂ ಕುಳಿ ಎಂದರೆ ಬಿದ್ದವನು ಬಿದ್ದೇ ಇರುವ ಜಾಗ. ರಂಧ್ರಕ್ಕೆ ಆಚೆ ಬದಿ ಇರಬಹುದು, ಗೋಡೆಯ ರಂಧ್ರದಲ್ಲಿ ಇಣುಕಿ ನೋಡಬಹುದು. ರೈನ್‌ಹಾರ್ಟ್ ನಂಬಿದ್ದು ರಂಧ್ರವನ್ನು. ಚಿತ್ರವೂ ಅವನ ಪಕ್ಷ ವಹಿಸಿತು.

ಆ ಕೊನೆಯ ಕೆಲವು ನಿಮಿಷಗಳ ಬಗ್ಗೆ ಇಂದಿಗೂ ವಾದ ನಿಂತಿಲ್ಲ. ಎಲ್ಲರೂ ಕುಳಿಯೊಳಗೆ ಬೀಳುತ್ತಾರೆ. ರೈನ್‌ಹಾರ್ಟ್ ತಾನು ಕಟ್ಟಿದ ಕೆಂಪು ಯಂತ್ರವನ್ನು ಅಪ್ಪಿ ಅದರೊಳಗೆ ಸೇರಿಹೋಗುತ್ತಾನೆ. ಅದರ ಕಂಡಿಯಿಂದ ಅವನ ಎರಡು ಕಣ್ಣು ಮಾತ್ರ ಹೊರಗೆ ನೋಡುತ್ತವೆ. ಸುತ್ತ ಬೆಂಕಿಯ ಬಂಡೆಗಳ ನರಕ, ಕನ್ನಡಿ ಮುಖದವರ ಸಾಲು. ಬಳಿಕ ಸ್ಫಟಿಕದ ಉದ್ದನೆಯ ಹಾದಿಯಲ್ಲಿ ಬಿಳಿಯ ಆಕೃತಿಯೊಂದು ತೇಲಿ ಹೋಗುತ್ತದೆ, ಬದುಕಿದವರ ನೌಕೆ ಬೆಳಕಿನ ಕಡೆಗೆ ಹೊರಬರುತ್ತದೆ. ಮಾತಿಲ್ಲ, ವಿವರಣೆಯಿಲ್ಲ. ಇದನ್ನು ‘2001’ರ ಕೊನೆಯ ಅನುಕರಣೆ ಎಂದು ತಳ್ಳಿಹಾಕುವವರಿದ್ದಾರೆ. ಹೋಲಿಕೆ ಇದೆ, ಆದರೆ ಎಲೆನ್‌ಶಾ ಅವರ ನರಕ ಬಂದಿರುವುದು ಮಧ್ಯಯುಗದ ಯೂರೋಪಿನ ಚರ್ಚಿನ ಗೋಡೆಗಳಿಂದ. ಒಂದೂವರೆ ಗಂಟೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ ಚಿತ್ರ ಕೊನೆಗೆ ಏನನ್ನೂ ಹೇಳದೆ ಮುಗಿಯುವುದು ಅದರ ಗೊಂದಲವೂ ಹೌದು, ಅತ್ಯುತ್ತಮ ಗಳಿಗೆಯೂ ಹೌದು. ಯಂತ್ರದೊಳಗೆ ಸಿಕ್ಕಿಬಿದ್ದ ಆ ಎರಡು ಕಣ್ಣುಗಳಷ್ಟು ಕಠಿಣ ಶಿಕ್ಷೆಯನ್ನು ‘ಏಲಿಯನ್’ ಕೂಡ ಯಾರಿಗೂ ಕೊಟ್ಟಿಲ್ಲ.

ಚಿತ್ರ ಉತ್ತರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 3.5 ಕೋಟಿ ಡಾಲರ್. ಮುಳುಗಲಿಲ್ಲ, ಆದರೆ ಅದಕ್ಕಿಂತ ಎರಡು ವಾರ ಮೊದಲು ಬಂದ ‘ಸ್ಟಾರ್ ಟ್ರೆಕ್’ ಅದರ ಎರಡರಷ್ಟಕ್ಕೂ ಹೆಚ್ಚು ಬಾಚಿಕೊಂಡಿತು. ಛಾಯಾಗ್ರಹಣಕ್ಕೂ ದೃಶ್ಯ ಪರಿಣಾಮಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು; ಎರಡನೆಯದು ‘ಏಲಿಯನ್’ ಪಾಲಾಯಿತು. ಸಣ್ಣ ಮಕ್ಕಳ ತಂದೆತಾಯಿಗೆ ಚಿತ್ರ ಹೆಚ್ಚು ಕತ್ತಲೆಯೆನಿಸಿತು, ಹದಿಹರೆಯದವರಿಗೆ ವಿನ್ಸೆಂಟ್‌ನ ಕಣ್ಣು ಎಳಸೆನಿಸಿತು. ಇಬ್ಬರನ್ನೂ ಒಂದೇ ಹೆಸರಿನ ಕೆಳಗೆ ಕೂರಿಸಲಾಗದು ಎಂಬ ತೀರ್ಮಾನಕ್ಕೆ ಬಂದ ರಾನ್ ಮಿಲ್ಲರ್ 1984ರಲ್ಲಿ ಟಚ್‌ಸ್ಟೋನ್ ಎಂಬ ಬೇರೆ ಹೆಸರನ್ನೇ ಹುಟ್ಟುಹಾಕಿದರು. ಡಿಸ್ನಿ ಎಂಬ ಪದವಿಲ್ಲದೆ ಬಂದ ಅದರ ಮೊದಲ ಚಿತ್ರ ‘ಸ್ಪ್ಲ್ಯಾಶ್’ ಗೆದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಿಲ್ಲರ್ ಅವರನ್ನು ಸಂಸ್ಥೆಯಿಂದ ಹೊರಗೆ ಕಳಿಸಲಾಯಿತು.

‘ದಿ ಬ್ಲ್ಯಾಕ್ ಹೋಲ್’ನ ಶೀರ್ಷಿಕೆಗಳು ಬರುವಾಗ ಹಸಿರು ಗೆರೆಗಳ ಬಲೆಯೊಂದು ಕತ್ತಲಲ್ಲಿ ಬಾಗುತ್ತ, ಮೆಲ್ಲಗೆ ಆಳಕ್ಕೆ ಇಳಿಯುತ್ತದೆ. ಅದನ್ನು ಬರೆದದ್ದು ಕುಂಚವಲ್ಲ, ಕಂಪ್ಯೂಟರ್. ಮೂರು ವರ್ಷದ ಬಳಿಕ ಇದೇ ಸ್ಟುಡಿಯೊ ‘ಟ್ರಾನ್’ನಲ್ಲಿ ಆ ಗೆರೆಗಳೊಳಗೇ ಒಂದು ಲೋಕವನ್ನು ಕಟ್ಟಿತು. ಎಲೆನ್‌ಶಾ ಸಮುದ್ರ, ಬೆಟ್ಟ, ಮೋಡಗಳ ಚಿತ್ರ ಬರೆಯಲು ಹೋದರು, 2007ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಹಾಲಿವುಡ್‌ನಲ್ಲಿ ಗಾಜಿನ ಮೇಲೆ ಬಣ್ಣ ಹಚ್ಚುವವರು ಯಾರೂ ಉಳಿದಿರಲಿಲ್ಲವೆಂದೇ ಹೇಳಬೇಕು.